ಹಾಲು ಹಂಚಿಕೊಂಡವರು

ಸೆಪ್ಟೆಂಬರ್ 9, 1487. ಬೆಳಿಗ್ಗೆ

ಮೂರು ಪತ್ರ ಮುಗಿದವು. ನಾಲ್ಕನೆಯದಕ್ಕೆ ಮಸಿ ಗಟ್ಟಿಯಾಗಿತ್ತು, ಎರಡು ಹನಿ ವೈನ್ ಬೆರೆಸಿದೆ. ಎಲ್ಲ ಲ್ಯಾಟಿನ್‌ನಲ್ಲಿ, ಎಲ್ಲ ಡ್ಯೂಕ್ ಲಾಂದೊಲ್ಫೊ ಹೆಸರಿನಲ್ಲಿ. ಅವನು ಓದದೆ ರುಜು ಹಾಕುತ್ತಾನೆ. ಇಂಥ ದೊರೆ ಸಿಕ್ಕುವುದು ಕಾರ್ಯದರ್ಶಿಯ ಅದೃಷ್ಟ ಎನ್ನುತ್ತಾರೆ. ನನಗಂತೂ ದಿನಾ ಹೆದರಿಕೆ.

ಬರುವಾಗ ಮೊಗಸಾಲೆಯಲ್ಲಿ ಮೋನ್ನಾ ಪಿಪ್ಪಾ ಎದುರಾದಳು, 'ಮೋನ್ನಾ' ಎಂದು ಮರ್ಯಾದೆಗೆ ಎಲ್ಲರೂ ಸೇರಿಸುತ್ತಾರೆ. ಕೋಲು ಊರಿಕೊಂಡು ಗೋಡೆಗೆ ಸರಿದು ದಾರಿ ಬಿಟ್ಟಳು.

"ನಮಸ್ಕಾರ ಮೆಸ್ಸೆರ್. ಡ್ಯೂಕ್ ಎದ್ದನಾ? ನೆನ್ನೆ ಕೆಮ್ತಾ ಇದ್ದ."

"ಎದ್ದಿದ್ದಾರೆ. ಕೆಮ್ಮಿಲ್ಲ."

"ಹಂಗಾದ್ರೆ ಸರಿ ಮೆಸ್ಸೆರ್."

ಹೋದಳು. ಡ್ಯೂಕ್ 'ಎದ್ದನಾ', ನಾನು 'ಮೆಸ್ಸೆರ್', ದೊಡ್ಡವರನ್ನು ಕರೆಯುವ ಹಾಗೆ. ಅವನಿಗೆ ಹಾಲು ಕುಡಿಸಿದವಳು. ನನ್ನನ್ನು ಹೆತ್ತವಳು.

ಇದನ್ನು ಬರೆಯುವುದಕ್ಕೆ ಕಾರಣವಿಲ್ಲ. ಓದುವವರೂ ಇಲ್ಲ. ದಿನವಿಡೀ ಇನ್ನೊಬ್ಬನ ಹೆಸರಿನಲ್ಲಿ ಬರೆಯುವವನಿಗೆ ಒಂದಿಷ್ಟು ಸ್ವಂತದ ಕಾಗದ ಬೇಕಾಗುತ್ತದೆ, ಅಷ್ಟೇ.

ಸೆಪ್ಟೆಂಬರ್ 12

ಊಟಕ್ಕೆ ಹೊರಗಿನ ದೂತರು ಬಂದಿದ್ದರು. ಎರಡನೆಯ ಬಟ್ಟಲಿಗೇ ಡ್ಯೂಕ್ ನನ್ನ ಹೆಗಲ ಮೇಲೆ ಕೈ ಹಾಕಿದ. ಇನ್ನು ಕಥೆ ಬರುತ್ತದೆ ಎಂದು ಗೊತ್ತಾಯಿತು.

"ಇವನು ನನ್ನ ಹಾಲಿನಣ್ಣ. ನನಗಿಂತ ಆರು ವಾರ ದೊಡ್ಡವನು. ಒಂದೇ ಎದೆ ಹಾಲು ಕುಡಿದಿದ್ದೀವಿ. ಇವನ ಅಪ್ಪ ಇದ್ದಲು ಸುಡ್ತಿದ್ದ, ನೋಡಿ, ಈಗ ನಿಮ್ಮ ಒಪ್ಪಂದ ಓದಿ ತಪ್ಪು ಹುಡುಕ್ತಾನೆ."

ದೂತರು ನಕ್ಕರು. ಮೇಜಿನ ತುದಿಯಿಂದ ಒತ್ತಾವಿಯೊ, ಅರಮನೆಯ ಮೇಲ್ವಿಚಾರಕ, ಏಳು ತಲೆಮಾರಿನ ಸಿರಿವಂತ, ತಣ್ಣಗೆ ಅಂದ, "ಅದಕ್ಕೇ ಇವರು ಮುಟ್ಟಿದ ಕಾಗದದ ಮೇಲೆಲ್ಲ ಕಪ್ಪು ಇರತ್ತೆ."

ನಾನೂ ನಕ್ಕೆ. ಇಪ್ಪತ್ತೇಳು ವರ್ಷದಿಂದ ನಗುತ್ತಿದ್ದೇನೆ. ಏಳನೆಯ ವಯಸ್ಸಿಗೆ ಇಲ್ಲಿಗೆ ಬಂದೆ, ರಾಜಕುಮಾರನ ಜೊತೆ ಪಾಠಕ್ಕೆ ಕೂರಲು. ಅವನು ತಪ್ಪಿದರೆ ನನಗೆ ಏಟು. ಹಾಗಾಗಿ ಇಬ್ಬರ ಪಾಠವನ್ನೂ ನಾನೇ ಕಲಿತೆ. ಆಮೇಲೆ ನಕಲುಗಾರ, ಆಮೇಲೆ ಗುಪ್ತಲಿಪಿಯವನು, ಎರಡು ಸಲ ರಾಯಭಾರಿ, ಈಗ ಕಾರ್ಯದರ್ಶಿ. ಮೆಟ್ಟಿಲು ಒಂದೂ ಬಿಟ್ಟಿಲ್ಲ.

ಆದರೆ ಆ ಕಥೆ ಸುಳ್ಳು. ಒಂದೇ ಎದೆ ನಿಜ, ಹಂಚಿಕೊಂಡಿದ್ದು ಸುಳ್ಳು. ಪಿಪ್ಪಾಳನ್ನು ಬೆಟ್ಟದಿಂದ ಕೆಳಗೆ ಕರೆತಂದಾಗ ನನಗೆ ಆರು ವಾರ. ಅಲ್ಲಿಂದ ಮುಂದೆ ಎರಡು ವರ್ಷ ಹಾಲೆಲ್ಲ ಅವನದು. ನನಗೆ ಮೇಕೆ.

ಸೆಪ್ಟೆಂಬರ್ 20. ಮಧ್ಯಾಹ್ನ

ಡ್ಯೂಕ್ ಕರೆಸಿದ. ಡಚೆಸ್ ಹೆರಿಗೆಗೆ ಇನ್ನು ಹದಿನೈದು ದಿನ ಎಂದಿದ್ದಾನಂತೆ ವೈದ್ಯ. ಎರಡು ಹೆಣ್ಣಾದ ಮೇಲೆ ಈ ಸಲ ಗಂಡು ಎಂದು ಎಲ್ಲರ ಹರಕೆ.

"ದಾದಿ ಬೇಕು. ನೀನೇ ಹುಡುಕು."

"ಮೇಲ್ವಿಚಾರಕರು ಆಗಲೇ ನಾಲ್ವರನ್ನ ನೋಡಿದ್ದಾರೆ, ಪ್ರಭು."

"ಒತ್ತಾವಿಯೊ ನೋಡಿರೋದು ಊರವರನ್ನ. ನನಗೆ ನಿಮ್ಮ ಬೆಟ್ಟದವಳೇ ಬೇಕು. ಪಿಪ್ಪಾ ಥರದವಳು. ನನ್ನನ್ನ ನೋಡು, ಒಂದು ಹಲ್ಲು ಬಿದ್ದಿಲ್ಲ." ಹಲ್ಲು ತೋರಿಸಿದ. ಆಮೇಲೆ ದನಿ ಇಳಿಸಿದ. "ಇದನ್ನ ಸರಿಯಾಗಿ ಮಾಡಿಕೊಡು. ನವೆಂಬರ್‌ನಲ್ಲಿ ಸಂತ ಮಾರ್ಟಿನ್ ಹಬ್ಬದ ದಿನ ನಿನ್ನನ್ನ ಮುಖ್ಯ ಸಲಹೆಗಾರ ಅಂತ ಪ್ರಮಾಣ ಮಾಡಿಸ್ತೀನಿ. ಒತ್ತಾವಿಯೊ ಹೊಟ್ಟೆ ಉರ್ಕೊಳ್ಳಲಿ."

ಕೈಗೆ ಮುತ್ತಿಟ್ಟು ಬಂದೆ. ಇದ್ದಲಿನವನ ಮಗ ಇನ್ನು ಹತ್ತಲು ಮೆಟ್ಟಿಲೇ ಇರುವುದಿಲ್ಲ. ಖುಷಿಯಾಗಬೇಕಿತ್ತು. ಮೊದಲು ಹೊಳೆದಿದ್ದು ಮಾತ್ರ, ಅವಳಿಗೆ ಯಾರು ಹೇಳುತ್ತಾರೆ, ಕೇಳಿ ಏನನ್ನುತ್ತಾಳೆ ಎಂದು.

ಏನನ್ನುತ್ತಾಳೆ. "ಒಳ್ಳೇದಾಯ್ತು ಮೆಸ್ಸೆರ್" ಅನ್ನುತ್ತಾಳೆ.

ಸೆಪ್ಟೆಂಬರ್ 27. ಕಾಸ್ತಞೇತೊ

ಎರಡು ದಿನ ಹೇಸರಗತ್ತೆಯ ಮೇಲೆ. ಸೊಂಟ ಬಿದ್ದುಹೋಗಿದೆ. ಹನ್ನೊಂದು ವರ್ಷದ ಮೇಲೆ ಊರಿಗೆ ಬಂದಿದ್ದೇನೆ. ಸಾಕಿದ ಅತ್ತೆ ಇಲ್ಲ, ಅವಳ ಮನೆಯಲ್ಲಿ ಈಗ ಹಂದಿ ಕಟ್ಟುತ್ತಾರೆ. ಚೆಸ್ಟ್‌ನಟ್ ಕಾಯಿ ಬಿರಿಯುತ್ತಿವೆ, ಒಣಗಿಸುವ ಗುಡಿಸಿಲಿಗೆ ಸೌದೆ ಒಟ್ಟಿದ್ದಾರೆ. ಜನ ಟೋಪಿ ತೆಗೆದು ದೂರ ನಿಂತರು. ನನ್ನ ಜೊತೆ ಮೇಕೆ ಕಾಯುತ್ತಿದ್ದವನೂ ನಿಂತ.

ನಾಲ್ವರು ಬಾಣಂತಿಯರನ್ನು ತೋರಿಸಿದರು. ನನಗೆ ಈ ಕೆಲಸ ಬರುತ್ತದೆ ಎಂದು ಗೊತ್ತೇ ಇರಲಿಲ್ಲ. ಒಂದು ಹನಿ ಹಾಲು ಹೆಬ್ಬೆರಳಿನ ಉಗುರ ಮೇಲೆ ಬಿಡಿಸಿಕೊಂಡು ಓರೆ ಮಾಡಬೇಕು. ಓಡಿದರೆ ತೆಳು, ಅಂಟಿ ಕೂತರೆ ಗಟ್ಟಿ, ನಿಧಾನ ಜಾರಿದರೆ ಸರಿ. ಅವರಲ್ಲಿ ತೆಸ್ಸಾ ಎಂಬವಳದು ನಿಧಾನ ಜಾರಿತು. ಇಪ್ಪತ್ತೆರಡು ವಯಸ್ಸು, ಗಟ್ಟಿಮುಟ್ಟು, ಕಪ್ಪು ಕೂದಲು, ನೇರ ನೋಟ. ಮಗು ಮೆಯೊ, ಏಳು ವಾರ. ನನ್ನ ಬೆರಳು ಹಿಡಿದು ಬಿಡಲಿಲ್ಲ.

ಕರಾರು ಗಂಡನ ಜೊತೆ. ಬಿಯಾಜೊ. ಎದೆ ಅವಳದು, ಗುರುತು ಹಾಕುವವನು ಅವನು. ಶಿಲುಬೆ ಗೀಚಿದ.

"ಕೂಸು?" ಕೇಳಿದೆ. ಕೇಳಲೇಬೇಕು, ಕರಾರಿನಲ್ಲಿ ಇದೆ: ದಾದಿಯ ಸ್ವಂತ ಮಗು ಅರಮನೆಯ ಹೊಸಿಲು ದಾಟಬಾರದು, ಹಾಲು ಪಾಲಾಗಬಾರದು.

"ಮೇಲ್ಗಡೆ ಒಬ್ಳು ಮುದುಕಿ ಅವ್ಳೆ ಸಾಮಿ. ಮೇಕೆ ಐತೆ," ಅಂದ ಬಿಯಾಜೊ. "ಬದುಕ್ಕಂತೈತೆ."

ಪದ್ಧತಿಯೇ ಹಾಗೆ. ಅರಮನೆಗೆ ಬೆಟ್ಟದವಳ ಹಾಲು, ಬೆಟ್ಟದವಳ ಮಗುವಿಗೆ ಸಿಕ್ಕರೆ ಇನ್ನೂ ಮೇಲಿನವಳ ಹಾಲು, ಸಿಗದಿದ್ದರೆ ಮೇಕೆ. ಹಾಲು ಕೆಳಗೆ ಇಳಿಯುತ್ತದೆ, ಮಕ್ಕಳು ಮೇಲೆ ಹತ್ತುತ್ತಾರೆ.

ತೆಸ್ಸಾ ಅಲ್ಲಿಯವರೆಗೂ ಮಾತಾಡಿರಲಿಲ್ಲ. ಮಗುವಿನ ತಲೆ ಸವರುತ್ತ ಕೇಳಿದಳು, "ನೀವೂ ಅಂಗೇ ಬೆಳ್ದೋರಂತಲ್ಲ ಸಾಮಿ. ಎಂಗಿತ್ತು?"

ಬಿಯಾಜೊ ಗದರಿದ, "ಬಾಯ್ ಮುಚ್ಚು, ದೊಡ್ಡೋರ ತಾವ."

ನಾನು ಕಾಗದ ಮಡಿಸುತ್ತ ಕೂತೆ. ಮೂರು ಸಂಸ್ಥಾನದವರ ಜೊತೆ ವಾದ ಮಾಡಿದವನು ನಾನು.

ಸೆಪ್ಟೆಂಬರ್ 28. ದಾರಿಯ ಛತ್ರದಲ್ಲಿ

ಹೇಗಿತ್ತು ಎಂದರೆ ಹೀಗೆ.

ಹೊಗೆ. ಅತ್ತೆಯ ಬೆನ್ನು. ಹಿಟ್ಟಿನ ಗಂಜಿ. ಮೇಕೆಗೆ ಒಂದು ಕಿವಿ ಹರಿದಿತ್ತು. ಅಮ್ಮ ಎಲ್ಲಿ ಎಂದರೆ ಅತ್ತೆ ಕೆಳಗೆ ಕೈ ತೋರಿಸುತ್ತಿದ್ದಳು, ಅಲ್ಲಿ ಮಂಜು ಮಾತ್ರ ಇರುತ್ತಿತ್ತು. ಎಷ್ಟೋ ದಿನ ಅಮ್ಮ ಎಂದರೆ ಮಂಜಿನ ಹೆಸರು ಎಂದುಕೊಂಡಿದ್ದೆ. ಏಳು ವರ್ಷದಲ್ಲಿ ಒಂದು ಸಲವೂ ಬರಲಿಲ್ಲ. ಒಂದು ಸಲವೂ. ಎರಡೇ ದಿನದ ದಾರಿ.

ಏಳನೆಯ ವಯಸ್ಸಿಗೆ ಕೆಳಗೆ ಬಂದೆ. ಓಡಿ ಹೋಗಿ ಅವಳ ಲಂಗ ಹಿಡಿದೆ. ಅವಳು ಒಂದೊಂದೇ ಬೆರಳು ಬಿಡಿಸಿದಳು. "ಇಲ್ಲಿ ಹಂಗೆಲ್ಲ ಮಾಡಬಾರದು ತಾದ್ದೆಯೊ" ಅಂದಳು. ಆಚೆ ಕಡೆ ರಾಜಕುಮಾರ ಅದೇ ಲಂಗ ಹಿಡಿದುಕೊಂಡು ನಿಂತಿದ್ದ. ಅವನ ಬೆರಳು ಬಿಡಿಸಲಿಲ್ಲ.

ತೆಸ್ಸಾಳಿಗೆ ಇದನ್ನು ಹೇಳಬೇಕಿತ್ತೇ? ಹೇಳಿದ್ದರೆ ಬರುತ್ತಿರಲಿಲ್ಲ. ನನಗೆ ಅವಳು ಬರಬೇಕಿತ್ತು.

ಅಕ್ಟೋಬರ್ 6

ಗಂಡು. ಘಂಟೆಗಳು ನಿಲ್ಲುತ್ತಿಲ್ಲ. ಡ್ಯೂಕ್ ನನ್ನನ್ನು ತಬ್ಬಿಕೊಂಡು ಅತ್ತ.

ಮಧ್ಯಾಹ್ನ ತೆಸ್ಸಾ ಬಂದಳು. ಬಿಯಾಜೊನ ಬೆನ್ನಿಗೆ ಬುಟ್ಟಿ. ಬುಟ್ಟಿಯಲ್ಲಿ ಚೆಸ್ಟ್‌ನಟ್, ಕಾಣಿಕೆ. ಕೆಳಗೆ ಕಂಬಳಿ. ಅದರ ಕೆಳಗೆ ಮೆಯೊ.

ನಾನೇ ಹೇಳಿಕಳಿಸಿದ್ದೆ. ಇಲ್ಲಿ ಬರೆಯದೆ ಇನ್ನೆಲ್ಲಿ ಬರೆಯಲಿ. ಛತ್ರದಿಂದ ಹೊರಡುವ ಮುನ್ನ ಆಳೊಬ್ಬನನ್ನು ಹಿಂದಕ್ಕಟ್ಟಿ, ಮಗುವನ್ನು ಮೇಲಕ್ಕೆ ಕಳಿಸಬೇಡಿ, ತನ್ನಿ ಎಂದೆ. ತೋಟದ ಮೂಲೆಯಲ್ಲಿ ನಿಂಬೆಮನೆ ಇದೆ. ಈ ವಾರವಷ್ಟೇ ನಿಂಬೆಗಿಡದ ಕುಂಡಗಳನ್ನೆಲ್ಲ ಚಳಿಗೆ ಒಳಗೆ ಸಾಗಿಸಿದ್ದಾರೆ, ಒಲೆ ಹಚ್ಚಿದ್ದಾರೆ. ತೋಟಗಾರನ ಹೆಂಡತಿ ಬೀಚೆ ಮಕ್ಕಳಿಲ್ಲದವಳು, ಬಾಯಿ ಬಿಗಿ. ಅರಮನೆಯಲ್ಲಿ ಅಷ್ಟು ಬೆಚ್ಚಗಿನ, ಯಾರೂ ಬಾರದ ಜಾಗ ಇನ್ನೊಂದಿಲ್ಲ.

ತೆಸ್ಸಾಳಿಗೆ ಇಬ್ಬರಿಗಾಗುವಷ್ಟು ಹಾಲಿದೆ, ನಾನು ನೋಡಿದ್ದೇನೆ. ಸಿಕ್ಕಿಬಿದ್ದರೆ? ಉತ್ತರಾಧಿಕಾರಿಯ ಹಾಲು ಕದ್ದವನಿಗೆ ಸಲಹೆಗಾರನ ಪ್ರಮಾಣ ಇರಲಿ, ಊರಲ್ಲಿ ಇರಲು ಬಿಟ್ಟರೆ ಪುಣ್ಯ. ಒತ್ತಾವಿಯೊ ಅದೇ ದಿನ ಹಬ್ಬ ಮಾಡುತ್ತಾನೆ.

ಯಾಕೆ ಮಾಡಿದೆ? ತೆಸ್ಸಾಳಿಗಾಗಿ ಅಲ್ಲ. ಮೆಯೊಗಾಗಿಯೂ ಅಲ್ಲವೇನೋ.

ಅಕ್ಟೋಬರ್ 15. ಬೆಳಿಗ್ಗೆ

ನಿಂಬೆಮನೆಗೆ ಹೋಗಿದ್ದೆ. ಹೋಗಬಾರದು. ಮೂರನೆಯ ಸಲ.

ಕುಂಡಗಳ ಹಿಂದೆ ತೆಸ್ಸಾ ಮಣೆಯ ಮೇಲೆ ಕೂತಿದ್ದಳು, ಮೆಯೊ ಎದೆಗೆ ಕಚ್ಚಿಕೊಂಡಿದ್ದ. ನನ್ನನ್ನು ನೋಡಿ ಶಾಲು ಎಳೆದುಕೊಂಡಳು, ಏಳಲಿಲ್ಲ.

"ಬನ್ನಿ ಸಾಮಿ. ಇವ್ನು ದೊಡ್ಡೋರ ಕೂಸಿಗಿಂತ ಜೋರು. ಅದು ಜೇನುಗೂಡಿಂದ ಕದ್ದಂಗೆ ಮೆಲ್ಲಗೆ ಕುಡೀತದೆ. ಇವ್ನು ಕುಯ್ಲಿಗೆ ಬಂದೋನಂಗೆ."

ಬೀಚೆ ನಕ್ಕಳು. ನಾನು ಒಲೆಯ ಹತ್ತಿರ ಕೂತೆ, ದಾಖಲೆ ನೋಡುವ ನೆಪದಲ್ಲಿ. ಅರ್ಧ ಗಂಟೆ ಒಂದು ಸಾಲೂ ಓದಲಿಲ್ಲ. ಮೆಯೊ ಕುಡಿಯುವುದು, ನಿಲ್ಲಿಸುವುದು, ತಾಯಿ ಮುಖ ನೋಡುವುದು, ಮತ್ತೆ ಕುಡಿಯುವುದು. ಸುಮ್ಮನೆ ನೋಡುತ್ತಾನೆ, ಇದ್ದಾಳಾ ಎಂದು. ಇದ್ದಾಳೆ.

ನನಗೆ ಮೂವತ್ತನಾಲ್ಕು. ಗಡ್ಡದಲ್ಲಿ ಬಿಳಿ ಬಂದಿದೆ. ಎರಡು ತಿಂಗಳ ಮಗುವಿನ ಮೇಲೆ ಹೊಟ್ಟೆಕಿಚ್ಚು. ನಾಚಿಕೆಯಾಗಬೇಕು, ಆಗುತ್ತಿಲ್ಲ. ಅಮ್ಮ ಬೇಕು. ಅಷ್ಟೇ ವಿಷಯ. ದಿನಾ ಮೊಗಸಾಲೆಯಲ್ಲಿ ಎದುರಾಗುವವಳು ಬೇಕು.

ಅಕ್ಟೋಬರ್ 16

ಧೈರ್ಯ ಮಾಡಿದೆ. ಮೋನ್ನಾ ಪಿಪ್ಪಾ ಬಿಸಿಲಿಗೆ ಕೂತಿದ್ದಳು, ಮೊಮ್ಮಗನಿಗೆ ಟೋಪಿ ಹೆಣೆಯುತ್ತ. ಮೊಮ್ಮಗ ಅಂದರೆ ಡ್ಯೂಕ್‌ನ ಮಗ, ಅವಳ ಲೆಕ್ಕದಲ್ಲಿ. ಪಕ್ಕದಲ್ಲಿ ಕೂತೆ.

"ಕಾಸ್ತಞೇತೊಗೆ ಹೋಗಿದ್ದೆ."

"ಕೇಳ್ದೆ ಮೆಸ್ಸೆರ್. ಕಾಯಿ ಹೆಂಗಿದೆ ಈ ವರ್ಷ?"

"ಚೆನ್ನಾಗಿದೆ. ಹಳೇ ಮನೇಲಿ ಹಂದಿ ಕಟ್ತಾರೆ."

"ಬೆಚ್ಚಗಿರತ್ತೆ ಹಂದಿಗೆ. ಉತ್ತರದ ಗೋಡೆ ದಪ್ಪ."

ಕೇಳಬೇಕೆಂದಿದ್ದು ಒಂದೇ: ಯಾಕೆ ಒಂದು ಸಲವೂ ಬರಲಿಲ್ಲ. ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಮೇಲಿನಿಂದ ಡ್ಯೂಕ್ ಕೂಗಿದ, "ಪಿಪ್ಪಾ, ನನ್ನ ಗಂಟಲಿಗೆ ಆ ಕಷಾಯ ಮಾಡಿಕೊಡೇ." ಕೋಲು ಹುಡುಕಿಕೊಂಡು ಎದ್ದಳು. ವಯಸ್ಸು ಐವತ್ತಾರು, ಆ ಕೂಗಿಗೆ ಹುಡುಗಿಯ ಹಾಗೆ ಏಳುತ್ತಾಳೆ.

ಹೆಣೆದ ಟೋಪಿ ಬೆಂಚಿನ ಮೇಲೆ ಬಿಟ್ಟು ಹೋದಳು. ಮುಟ್ಟಿ ನೋಡಿದೆ.

ಅಕ್ಟೋಬರ್ 29

ಹದಿಮೂರು ದಿನ ಬರೆದಿಲ್ಲ. ಬರೆಯುವಂಥದು ಇರಲಿಲ್ಲ, ಚೆನ್ನಾಗಿತ್ತು ಎಲ್ಲ. ಈಗ ಇಲ್ಲ.

ಪುಟ್ಟ ರಾಜಕುಮಾರನಿಗೆ ಮೂರು ದಿನದಿಂದ ಜ್ವರ. ಮೈಮೇಲೆ ಕೆಂಪು ಗುಳ್ಳೆ. ವೈದ್ಯ ಬಂದು ತೆಸ್ಸಾಳ ಹಾಲನ್ನು ಗಾಜಿನ ಬಟ್ಟಲಿಗೆ ಹಿಂಡಿಸಿ ಬೆಳಕಿಗೆ ಹಿಡಿದ. ತೆಳು ಎಂದ. "ಈಕೆ ಏನೋ ಮುಚ್ಚಿಡ್ತಿದ್ದಾಳೆ" ಅಂದ. ಹೆದರಿಕೆಗೆ ಹಾಲು ಇನ್ನೂ ಕಮ್ಮಿ. ಈಗ ನಿಜವಾಗಿ ಇಬ್ಬರಿಗೂ ಸಾಲದು.

ಒತ್ತಾವಿಯೊ ಎದುರು ಸಿಕ್ಕ. "ಮೆಸ್ಸೆರ್ ಇದ್ದಲು, ಒಂದು ವಿಚಿತ್ರ. ನಿಂಬೆಮನೇಲಿ ಬೆಕ್ಕು ಮರಿ ಹಾಕಿದೆಯಂತೆ. ಅಳೋ ಸದ್ದು ಬರತ್ತಂತೆ. ಒಂದು ದಿನ ಹೋಗಿ ನೋಡ್ಬೇಕು ಅಂತಿದೀನಿ."

"ನೋಡಿ," ಅಂದೆ. "ಇಲಿ ಹೆಚ್ಚಾಗಿವೆ, ಒಳ್ಳೆದೇ ಆಯ್ತು."

ಮೆಯೊನನ್ನು ಇವತ್ತೇ ಸಾಗಿಸಬೇಕು. ಎಲ್ಲಿಗೆ? ಬಾಗಿಲ ಕಾವಲೆಲ್ಲ ಅವನ ಜನ. ನಾಳೆ ಬಿಯಾಜೊಗೆ ಹೇಳಿಕಳಿಸಬೇಕು. ನಾಳೆಯವರೆಗೆ ಸಮಯ ಇದ್ದರೆ.

ಅಕ್ಟೋಬರ್ 31. ಸಂಜೆ

ಮುಗಿಯಿತು. ಒತ್ತಾವಿಯೊ ಅಲ್ಲ. ಅವಳು.

ಮಧ್ಯಾಹ್ನ ಡ್ಯೂಕ್ ಕರೆಸಿದ. ಒಬ್ಬನೇ ಇದ್ದ, ಕಿಟಕಿಗೆ ಮುಖ ಮಾಡಿ.

"ಪಿಪ್ಪಾ ಎಲ್ಲ ಹೇಳಿದಳು."

ನಾನು ಬಾಗಿಲು ಮುಚ್ಚಿದೆ.

"ನನ್ನ ಮಗನ ಹಾಲಲ್ಲಿ ಪಾಲು ತೆಗೆದ್ಯಾ ತಾದ್ದೆಯೊ? ನೀನು? ಒತ್ತಾವಿಯೊ ಮಾಡಿದ್ರೆ ನೇಣು ಹಾಕಿಸ್ತಿದ್ದೆ." ತಿರುಗಿದ. ಕೋಪಕ್ಕಿಂತ ನೋವು ಇತ್ತು, ಅದೇ ಕಷ್ಟ. "ನಾವಿಬ್ರೂ ಈ ಪದ್ಧತೀಲೇ ಬೆಳೀಲಿಲ್ವಾ? ನನ್ನ ಹಾಲಲ್ಲಿ ಪಾಲು ಬೇಕು ಅಂತ ನಿನಗೆ ಯಾವತ್ತಾದ್ರೂ ಅನ್ನಿಸಿತ್ತಾ?"

"ಇಲ್ಲ, ಪ್ರಭು."

ನಾನು ಹೇಳಿದ ಸುಳ್ಳುಗಳಲ್ಲಿ ಇದರಷ್ಟು ದೊಡ್ಡದು ಯಾವ ಒಪ್ಪಂದದಲ್ಲೂ ಇಲ್ಲ.

ಅವನು ತಲೆಯಾಡಿಸಿದ, ನಂಬಿದ. ಮೆಯೊ ಬೆಟ್ಟಕ್ಕೆ ವಾಪಸ್ಸು, ಸಂತ ಮಾರ್ಟಿನ್ ಹಬ್ಬದೊಳಗೆ. ತೆಸ್ಸಾ ಇಲ್ಲೇ. ವಿಷಯ ಈ ಕೋಣೆ ಬಿಟ್ಟು ಹೋಗಬಾರದು. "ಪ್ರಮಾಣ ನಡೆಯತ್ತೆ," ಅಂದ ಕೊನೆಗೆ. "ಮುದುಕಿ ಅಷ್ಟು ಕೇಳ್ಕೊಂಡಳು."

ಅವಳೇ ಹಿಡಿದುಕೊಟ್ಟಳು, ಅವಳೇ ಬಿಡಿಸಿದಳು. ಯಾರಿಗಾಗಿ ಎಂದು ನನಗೆ ಗೊತ್ತು. ಡ್ಯೂಕ್ ಅವಳ ಮಗ, ಅವನ ಮಗು ಮೊಮ್ಮಗ. ನಾನು ಮೆಸ್ಸೆರ್.

ನಿಂಬೆಮನೆಗೆ ಹೋಗುವ ಧೈರ್ಯ ಇಲ್ಲ. ತೆಸ್ಸಾ ಅಳುತ್ತಿಲ್ಲವಂತೆ. ಬೀಚೆ ಅಳುತ್ತಿದ್ದಾಳಂತೆ.

ನವೆಂಬರ್ 2. ಸತ್ತವರ ದಿನ. ಮಧ್ಯಾಹ್ನ

ಚರ್ಚಿನಿಂದ ಬಂದು ಕೂತಿದ್ದೆ. ಬಾಗಿಲು ಬಡಿಯದೆ ಮೋನ್ನಾ ಪಿಪ್ಪಾ ಒಳಗೆ ಬಂದಳು. ಈ ಕೋಣೆಗೆ ಮೊದಲ ಸಲ. ಸುತ್ತ ನೋಡಿದಳು. ಪುಸ್ತಕ ತುಂಬಿದ್ದ ಪೆಟ್ಟಿಗೆಯ ಮೇಲೆ ಕೂತಳು. ನಾನು ಎದ್ದು ನಿಂತೆ. ಇಬ್ಬರಲ್ಲಿ ಯಾರು ಯಾರಿಗೆ ಎದ್ದು ನಿಲ್ಲಬೇಕು ಎಂದು ಇನ್ನೂ ತಿಳಿಯದು.

"ಸಿಟ್ಟಾ ಮೆಸ್ಸೆರ್?"

"ಹೌದು."

"ದಿನಕ್ಕೆ ನಾಲ್ಕು ಸಲ ನಿಂಬೆಮನೆಗೆ ಓಡೋ ದಾದಿಗೆ ನಿಂಬೆಹಣ್ಣು ಬೇಕಾಗಿರಲ್ಲ. ನಾನು ಮೊದಲ ವಾರಾನೇ ನೋಡ್ದೆ. ಸುಮ್ಮನಿದ್ದೆ. ಮಗೂಗೆ ಜ್ವರ ಬಂತು, ಹಾಲು ಬತ್ತಿತು, ಒತ್ತಾವಿಯೊ ಮೂಗು ಆಡಿಸ್ಕೊಂಡು ಓಡಾಡ್ದ. ಅವನ ಬಾಯಿಂದ ಹೋಗಿದ್ರೆ ದ್ರೋಹ. ನನ್ನ ಬಾಯಿಂದ ಹೋದ್ರೆ ಮುದುಕಿ ಹರಟೆ. ಅದಕ್ಕೇ ಹೇಳ್ದೆ."

"ರಾಜಕುಮಾರನಿಗಾಗಿ ಹೇಳಿದ್ರಿ."

"ಅವನಿಗೂ." ಸಮಾಧಾನವಾಗೇ ಅಂದಳು. "ಅದೂ ಮಗೂನೇ ಅಲ್ವಾ. ಹಸಿವು ಅಂತ ಅದೂ ಅಳತ್ತೆ."

ನಾನು ಆಗ ಕೇಳಿದೆ. ಹೇಗೆ ಕೇಳಿದೆ ಗೊತ್ತಿಲ್ಲ. ಏಳು ವರ್ಷ. ಎರಡೇ ದಿನದ ದಾರಿ. ಒಂದು ಸಲ ಬರೋಕಾಗಲಿಲ್ವಾ?

ಅವಳು ಕೋಲನ್ನು ಪೆಟ್ಟಿಗೆಗೆ ಒರಗಿಸಿದಳು. ಆಮೇಲೆ ಹೇಳಿದಳು. ಹೇಳಿದ ಹಾಗೇ ಬರೆಯುತ್ತೇನೆ.

"ನಿಮ್ಮಪ್ಪ ಅರಮನೆ ಅಡಿಗೆಮನೆಗೆ ಇದ್ದಲು ಹಾಕ್ತಿದ್ರು. ನಾನು ಬಂದು ಒಂದು ತಿಂಗಳಿಗೆ ಎದೆ ಒಡೆದು ಹೋಗೋ ಹಂಗಾಯ್ತು, ಹಾಲಿಂದಲ್ಲ. ಅವರಿಗೆ ಹೇಳಿಕಳಿಸ್ದೆ. ಇದ್ದಲ ಬುಟ್ಟೀಲಿ ನಿಮ್ಮನ್ನ ಇಟ್ಕೊಂಡು ಬಂದ್ರು. ಇದ್ದಲ ಕೋಣೆ ಹಿಂದೆ ಮೂಟೆಗಳ ಮಧ್ಯೆ ಮಲಗಿಸ್ಕೊಂಡೆ. ಹನ್ನೊಂದು ದಿನ. ನೀರು ತರ್ತೀನಿ ಅಂತ ಹೋಗೋದು, ಕುಡಿಸೋದು, ಬರೋದು. ನಿಮ್ಮ ಮೂಗಿನ ತುದಿ ಯಾವಾಗಲೂ ಕಪ್ಪು."

ನಾನು ಕೂತೆ. ನೆಲದ ಮೇಲೇ ಕೂತೆ ಅನ್ನಿಸುತ್ತದೆ.

"ಹನ್ನೆರಡನೇ ದಿನ ರಾಜಕುಮಾರನ ಬಿಳಿ ಬಟ್ಟೆ ಮೇಲೆ ಕಪ್ಪು ಗುರುತು. ನನ್ನ ರವಿಕೆಯಿಂದ. ಹಳೇ ಡಚೆಸ್, ಡ್ಯೂಕ್‌ನ ಅಮ್ಮ, ನೋಡಿದ್ರು. ಕೂಗಾಡಲಿಲ್ಲ. ಒಂದು ಮಾತು ಹೇಳಿದ್ರು: ಇಬ್ಬರನ್ನ ತಗೊಂಡು ಈಗಲೇ ಬೆಟ್ಟಕ್ಕೆ ಹೋಗು, ಇಲ್ಲಾ ಒಬ್ಬನ್ನ ಕಳಿಸು. ಇಬ್ಬರನ್ನ ಅಂದ್ರೆ ನಿಮ್ಮನ್ನ, ನಿಮ್ಮಪ್ಪನ್ನ. ಅವರಿಗೆ ಆಗಲೇ ಎದೆ ಹೊಗೆಯಿಂದ ಹಾಳಾಗಿತ್ತು, ಇದ್ದಲ ಗಿರಾಕಿ ಅಂತ ಇದ್ದಿದ್ದು ಅರಮನೆ ಒಂದೇ. ನಾನೇ ಕಳಿಸ್ದೆ. ಯಾರೂ ಕಿತ್ಕೊಳ್ಳಲಿಲ್ಲ ಮೆಸ್ಸೆರ್. ನನ್ನ ಕೈಯಾರೆ ಬುಟ್ಟೀಲಿ ಮಲಗಿಸ್ದೆ. ಅದಕ್ಕೇ ಬರಲಿಲ್ಲ. ಒಂದು ಸಲ ಬಂದಿದ್ರೆ ವಾಪಸ್ಸು ಹೋಗ್ತಿರಲಿಲ್ಲ."

"ಆಮೇಲೆ? ನಾನು ಇಲ್ಲಿಗೆ ಬಂದ ಮೇಲೆ?"

"ನಿಮ್ಮನ್ನ ಓದಿಸಿ ಅಂತ ಡಚೆಸ್‌ನ ಕೇಳ್ಕೊಂಡೆ. ಒಪ್ಪಿದ್ರು. ಒಂದು ಷರತ್ತು. ನನ್ನ ಮಗನ ಎದುರು ಇನ್ನೊಬ್ಬ ಹುಡುಗ ನಿನ್ನನ್ನ 'ಅಮ್ಮ' ಅನ್ನಬಾರದು, ಅವನಿಗೆ ಹಂಚಿಕೊಂಡು ಅಭ್ಯಾಸ ಇಲ್ಲ ಅಂದ್ರು. ಒಪ್ಕೊಂಡೆ. ಲ್ಯಾಟಿನ್ ಬರತ್ತಲ್ಲ ನಿಮಗೆ ಅಂತ."

"ಡಚೆಸ್ ಸತ್ತು ಹದಿನಾಲ್ಕು ವರ್ಷ ಆಯ್ತು."

"ಅಷ್ಟೊತ್ತಿಗೆ ಅಭ್ಯಾಸ ಆಗೋಗಿತ್ತು," ಅಂದಳು. "ನೀವೂ ದೊಡ್ಡೋರಾಗಿದ್ರಿ. ಹೆಂಗೆ ಶುರು ಮಾಡೋದು ಅಂತ ಗೊತ್ತಾಗಲಿಲ್ಲ."

ಎದ್ದಳು. ನಾನು ಕೈ ಹಿಡಿದು ಎಬ್ಬಿಸಬೇಕಿತ್ತು. ಕೈ ಚಾಚುವಷ್ಟರಲ್ಲಿ ಕೋಲಿನ ಮೇಲೆ ಎದ್ದಾಗಿತ್ತು. ಬಾಗಿಲಲ್ಲಿ ಬಗ್ಗಿ, "ಬರ್ತೀನಿ ಮೆಸ್ಸೆರ್" ಅಂದಳು.

ನವೆಂಬರ್ 3

ಹನ್ನೊಂದು ದಿನ.

ನವೆಂಬರ್ 8

ಬರೆಯಬೇಕಾದ್ದು ಬಹಳ ಇದೆ. ಆಗುತ್ತಿಲ್ಲ. ಎರಡು ಸಲ ಮೊಗಸಾಲೆಯಲ್ಲಿ ಎದುರಾದಳು. ಎರಡು ಸಲವೂ "ನಮಸ್ಕಾರ ಮೆಸ್ಸೆರ್". ಎರಡು ಸಲವೂ "ನಮಸ್ಕಾರ ಮೋನ್ನಾ ಪಿಪ್ಪಾ". ಇಬ್ಬರಿಗೂ ಬಾಯಿ ತಿರುಗುತ್ತಿಲ್ಲ. ಗೊತ್ತಾದ ಮೇಲೆ ಸಲೀಸಾಗುತ್ತದೆ ಎಂದುಕೊಂಡಿದ್ದೆ. ಮುಂಚೆಗಿಂತ ಹೆಚ್ಚು ಉರಿಯುತ್ತದೆ.

ರಾಜಕುಮಾರನ ಜ್ವರ ಬಿಟ್ಟಿದೆ. ಕೆಂಪು ಗುಳ್ಳೆ ಹೊಸ ಉಣ್ಣೆಯ ಬಟ್ಟೆಯಿಂದ ಬಂದದ್ದಂತೆ. ವೈದ್ಯ ತಾನೇ ಮೊದಲು ಹೇಳಿದ್ದು ಎನ್ನುತ್ತಿದ್ದಾನೆ.

ನವೆಂಬರ್ 9

ಮೋನ್ನಾ ಪಿಪ್ಪಾ ಡ್ಯೂಕ್‌ನ ಅಪ್ಪಣೆ ಕೇಳಿದ್ದಾಳೆ. ಮೆಯೊನ ಜೊತೆ ಕಾಸ್ತಞೇತೊಗೆ ಹೋಗುತ್ತಾಳಂತೆ. ಹೋಗಿ ಅಲ್ಲೇ ಇರುತ್ತಾಳಂತೆ, ಅವನು ನಡೆಯುವವರೆಗೆ, ಅಥವಾ ತಾನು ಇರುವವರೆಗೆ.

ಡ್ಯೂಕ್ ನನ್ನನ್ನು ಕರೆದು ಮಗುವಿನ ಹಾಗೆ ದೂರಿದ. "ಹೇಳು ಅವಳಿಗೆ. ನಿನ್ನ ಮಾತು ಕೇಳ್ತಾಳೆ. ಈ ವಯಸ್ಸಲ್ಲಿ ಬೆಟ್ಟ ಹತ್ತುತ್ತಾಳಂತೆ. ಯಾರದೋ ಮಗೂಗೋಸ್ಕರ."

ಹೇಳಲಿಲ್ಲ. ತೋಟದಲ್ಲಿ ಹುಡುಕಿಕೊಂಡು ಹೋದೆ. ನಿಂಬೆಮನೆಯ ಹೊರಗೆ ತೆಸ್ಸಾಳ ಜೊತೆ ನಿಂತಿದ್ದಳು. ತೆಸ್ಸಾ ಅವಳ ಎರಡೂ ಕೈ ಹಿಡಿದಿದ್ದಳು.

"ಹಾಲು ಕಾಸಿ ಆರಿಸಿ ಕೊಡ್ರಿ ಅಜ್ಜಿ. ಬೆನ್ನು ತಟ್ಬೇಕು, ಇಲ್ದಿದ್ರೆ ಕಕ್ತಾನೆ. ಎಡಗಡೆ ಮಲಗ್ಸಿದ್ರೆ ನಿದ್ದೆ."

"ಗೊತ್ತು ಕಣೇ. ಇಬ್ಬರನ್ನ ಸಾಕಿದೀನಿ." ಆಮೇಲೆ ತಾನೇ ತಿದ್ದಿಕೊಂಡಳು. "ಒಬ್ಬನ್ನ ಸಾಕಿದೀನಿ."

ನನ್ನನ್ನು ನೋಡಿರಲಿಲ್ಲ. ಹಿಂದಕ್ಕೆ ಬಂದುಬಿಟ್ಟೆ. ನನಗೆ ಆಗದಿದ್ದದ್ದು ಮೆಯೊಗೆ ಆಗುತ್ತದೆ. ಸರಿಯಾದ ಕೆಲಸ. ಅವಳು ಅಲ್ಲಿಗೇ ಹೋಗುತ್ತಿದ್ದಾಳೆ, ಆ ಹೊಗೆಗೆ, ಆ ಗಂಜಿಗೆ, ನಾನು ಏಳು ವರ್ಷ ಕಾದ ಜಾಗಕ್ಕೆ. ನಾನು ಬಿಟ್ಟು ಬಂದ ಮೇಲೆ.

ಕೇಳಲಾರೆ. ಇರು ಎನ್ನಲು ನನಗೆ ಯಾವ ಮುಖವಿದೆ.

ನವೆಂಬರ್ 11. ಸಂತ ಮಾರ್ಟಿನ್ ಹಬ್ಬ. ಬೆಳಿಗ್ಗೆ

ಕಪ್ಪು ವೆಲ್ವೆಟ್ ನಿಲುವಂಗಿ ಹಾಕಿಕೊಂಡು ಕೂತಿದ್ದೇನೆ. ಕೊರಳಪಟ್ಟಿ ಬಿಗಿ. ಮೊದಲ ಗಂಟೆ ಬಾರಿಸಿದಾಗ ಸಭಾಸದರು ಒಳಗೆ, ಎರಡನೆಯದಕ್ಕೆ ಡ್ಯೂಕ್, ಮೂರನೆಯದಕ್ಕೆ ನನ್ನ ಹೆಸರು ಕೂಗುತ್ತಾರೆ. ಮೂರು ಸಲ ಕೂಗಿದರೂ ಬಾರದವನು ಒಲ್ಲೆ ಎಂದ ಹಾಗೆ. ಇಲ್ಲಿಯ ಹಳೆಯ ನಿಯಮ. ಒತ್ತಾವಿಯೊನ ಅಜ್ಜ ಹೀಗೇ ಒಮ್ಮೆ ಪದವಿ ಕಳೆದುಕೊಂಡನಂತೆ, ಹೊಟ್ಟೆ ಕೆಟ್ಟು.

ಹೆಸರು ಕೂಗುವವರೆಗೆ ಬರೆಯುತ್ತಿದ್ದೇನೆ.

ಮೊದಲ ಗಂಟೆ ಆಯಿತು. ಕಿಟಕಿಯ ಕೆಳಗೆ ಹೇಸರಗತ್ತೆ ತಂದು ನಿಲ್ಲಿಸಿದ್ದಾರೆ. ಒಂದು ಗಂಟು, ಒಂದು ಕಂಬಳಿ. ಬಿಯಾಜೊ ಹಗ್ಗ ಹಿಡಿದಿದ್ದಾನೆ. ಸಭೆಗೆ ಬರುವವರೆಲ್ಲ ಅದನ್ನು ಸುತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದಾರೆ. ಒತ್ತಾವಿಯೊ ನಿಂತು ಏನೋ ಅಂದ, ಪಕ್ಕದವನು ನಕ್ಕ.

ನಾನು ಇಲ್ಲಿಗೆ ಬಂದದ್ದು ಅವಳು ಬಾಯಿ ಮುಚ್ಚಿಕೊಂಡಿದ್ದರಿಂದ. ಈ ನಿಲುವಂಗಿಯೂ ಅದರಿಂದಲೇ. ಅವಳಿಗೇ ಇವತ್ತು ತೋರಿಸಬೇಕು ಎಂದು ನಿನ್ನೆಯವರೆಗೆ ಅಂದುಕೊಂಡಿದ್ದೆ, ಸಭೆಯ ಬಾಗಿಲಲ್ಲಾದರೂ ನಿಲ್ಲುತ್ತಾಳೆ ಎಂದು. ಅವಳಿಗೆ ಚಳಿ ಏರುವ ಮೊದಲು ಬೆಟ್ಟದ ಬುಡ ಮುಟ್ಟಬೇಕಂತೆ.

ಎರಡನೆಯ ಗಂಟೆ.

ಮೋನ್ನಾ ಪಿಪ್ಪಾ ಬಂದಳು. ತೆಸ್ಸಾ ಬಂದಿಲ್ಲ, ನೋಡಲಾರೆ ಎಂದಿರಬೇಕು. ಮೆಯೊ ಅವಳ ತೋಳಿನಲ್ಲಿ. ಮಗುವನ್ನು ಹಿಡಿದುಕೊಂಡು ಹೇಸರಗತ್ತೆ ಹತ್ತಲಾಗುತ್ತಿಲ್ಲ. ಬಿಯಾಜೊ ಕೈ ಚಾಚಿದ. ಕೊಡಲಿಲ್ಲ. ಆಳು ಬಂದ. ಅವನಿಗೂ ಕೊಡಲಿಲ್ಲ. ಹಾಗೇ ನಿಂತಿದ್ದಾಳೆ. ಒತ್ತಾವಿಯೊ ಇನ್ನೂ ಮೆಟ್ಟಿಲ ಮೇಲೆ. ಜನ ನಿಂತು ನೋಡುತ್ತಿದ್ದಾರೆ.

ಈ ಕಿಟಕಿಯ ಕಡೆಗೆ ತಲೆ ಎತ್ತಿದಳು.

"ತಾದ್ದೋ," ಅಂದಳು. ಅಷ್ಟು ಜನರ ಮುಂದೆ. ಜೋರಾಗಿಯೇ, ಬೆಟ್ಟದವರು ಕಣಿವೆಯಾಚೆ ಕರೆಯುವ ಹಾಗೆ. "ಬಾರೋ ಮಗಾ. ಇವನನ್ನ ಸ್ವಲ್ಪ ಹಿಡ್ಕೋ."

ಮೂರನೆಯ ಗಂಟೆ ಹೊಡೆಯುತ್ತಿದೆ. ಸಭೆಯಲ್ಲೂ ಕೂಗುತ್ತಿದ್ದಾರೆ, ತಾದ್ದೆಯೊ ದಿ ಕಾಸ್ತಞೇತೊ, ಒಂದು ಸಲ. ಇನ್ನೆರಡು ಸಲ ಕೂಗುತ್ತಾರೆ. ಅಮ್ಮ ಮತ್ತೆ ಕರೆದಳು, ಕೈ ಸೋತಿದೆ ಅವಳಿಗೆ, ಮಗು ಜಾರುತ್ತಿದೆ, ಬಂದೆ ಅಮ್ಮಾ, ಬಂ—